ಕ್ಯಾಬಿನ್ನಿನಲ್ಲಿದ್ದ ಎರಡನೆಯ ಆಳು

ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ ಹೋಬಳಿಯಲ್ಲಿ ನನ್ನ ಓರಗೆಯ ಹುಡುಗರು ಎಸ್ಸೆಸ್ಸೆಲ್ಸಿ ಫೇಲಾದರೆ ರೇಷ್ಮೆ ರೀಲಿಂಗಿಗೆ ಹೋಗುತ್ತಿದ್ದರು, ಇಲ್ಲವೇ ಲಾರಿ ಹತ್ತುತ್ತಿದ್ದರು. ನಾನು ಲಾರಿ ಹತ್ತಿದೆ. ಆಗ 1990ರ ದಶಕದ ಕೊನೆ. ಮದ್ದೂರಿನ ಕಡೆಯಿಂದ ಎಳನೀರು ತುಂಬಿಕೊಂಡು ಮುಂಬೈಗೆ ಹೋಗುತ್ತಿದ್ದ ಆರು ಚಕ್ರದ ಗಾಡಿಯಲ್ಲಿ ಕ್ಲೀನರ್ ಕೆಲಸ. ಹುಲಿಯೂರುದುರ್ಗ, ಕುಣಿಗಲ್ ಹಾದು ತುಮಕೂರಿನಲ್ಲಿ ಪುಣೆ ಹೆದ್ದಾರಿ ಹಿಡಿಯುತ್ತಿದ್ದೆವು. ಸುಮಾರು ಸಾವಿರ ಕಿಲೋಮೀಟರ್ ದಾರಿ.

ಟಾರ್ಪಾಲು ಬಿಗಿಯುವುದು, ಟೈರು ತಟ್ಟಿ ನೋಡುವುದು, ಎಡಗಡೆ ಕಿಟಕಿಯಿಂದ ತಲೆ ಹಾಕಿ ‘ರೈಟ್, ರೈಟ್’ ಎನ್ನುವುದು, ಘಟ್ಟದಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ಚಕ್ರದಡಿ ಮರದ ತುಂಡು ಕೊಡುವುದು, ಇವೆಲ್ಲ ನನ್ನ ಪಾಲಿನವು. ಆದರೆ ನಿಜವಾದ ಕೆಲಸ ಶುರುವಾಗುತ್ತಿದ್ದದ್ದು ರಾತ್ರಿ ಎರಡರ ಮೇಲೆ. ಆಗ ಮಾತಾಡುತ್ತಲೇ ಇರಬೇಕು. ಊರ ಹಬ್ಬ, ನೋಡಿದ ಸಿನಿಮಾ, ಯಾರದೋ ಮನೆಯ ಪಾಲುಪಟ್ಟಿ, ಏನಾದರೂ ಸರಿ. ಡ್ರೈವರಣ್ಣ ‘ಹೂಂ’ ಎನ್ನುವುದು ತಡವಾಯಿತೆಂದರೆ ನಿದ್ದೆ ಹತ್ತಿದೆ ಎಂದೇ ಅರ್ಥ. ‘ಅಣ್ಣ, ಸೈಡಿಗೆ ಹಾಕಣ್ಣ’ ಎನ್ನುತ್ತಿದ್ದೆ. ಮರುಮಾತಿಲ್ಲದೆ ಹಾಕುತ್ತಿದ್ದ.

ನಿಪ್ಪಾಣಿ ದಾಟಿದರೆ ಗಡಿ. ಅಲ್ಲಿನ ತೆರಿಗೆ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಸಾಲು ಗಂಟೆಗಟ್ಟಲೆ ನಿಲ್ಲುತ್ತಿತ್ತು. ಮಾಲೀಕರಿಗೆ ಅದು ಹಾಳು ಸಮಯ. ಡ್ರೈವರಣ್ಣನಿಗೆ ಮಾತ್ರ ಅದೇ ನಿದ್ದೆ. ಕಾಗದ ಹಿಡಿದು ನಾನು ಸಾಲಿನಲ್ಲಿ ನಿಂತರೆ ಅವನು ಸೀಟಿನ ಹಿಂದಿನ ಹಲಗೆಯ ಮೇಲೆ ಕಾಲು ಚಾಚುತ್ತಿದ್ದ. 2017ರ ಜುಲೈ 1ರಂದು ಜಿಎಸ್‌ಟಿ ಬಂತು, ತೆರಿಗೆ ಚೆಕ್‌ಪೋಸ್ಟುಗಳು ಹೋದವು. ಒಳ್ಳೆಯದೇ ಆಯಿತು. ಆದರೆ ಹಾಗೆ ಉಳಿದ ಗಂಟೆಗಳು ಡ್ರೈವರನ ಪಾಲಿಗೆ ಬರಲಿಲ್ಲ, ಮಾಲು ತರಿಸಿಕೊಳ್ಳುವವನ ಲೆಕ್ಕಕ್ಕೆ ಸೇರಿದವು.

ಅಷ್ಟರಲ್ಲಿ ನಾನೇ ಡ್ರೈವರಾಗಿದ್ದೆ. ನನ್ನ ಎಡಕ್ಕೆ ಯಾರೂ ಇರಲಿಲ್ಲ. ಬಾಡಿಗೆ ಗಿಟ್ಟುವುದಿಲ್ಲ ಎಂದು ಒಬ್ಬೊಬ್ಬರೇ ಮಾಲೀಕರು ಕ್ಲೀನರನ್ನು ಬಿಟ್ಟಿದ್ದರು. ನ್ಯಾಷನಲ್ ಪರ್ಮಿಟ್ ಗಾಡಿಯಲ್ಲಿ ಇಬ್ಬರು ಡ್ರೈವರುಗಳಿರಬೇಕು, ಎರಡನೆಯವನು ಮೈಚಾಚಿ ಮಲಗಲು ಜಾಗವಿರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಬರೆದಿತ್ತು. ಪಾಲಿಸುವವರು ಕಡಿಮೆ, ಆದರೂ ಬರೆದಿತ್ತು. 2018ರಲ್ಲಿ ಅದನ್ನೂ ತೆಗೆದುಹಾಕಿದರು. ಅದೇ ವರ್ಷ ಗಾಡಿ ಹೊರಬಹುದಾದ ತೂಕವನ್ನೂ ಏರಿಸಿದರು. ಹತ್ತು ಚಕ್ರದ ಲಾರಿಗೆ 25 ಟನ್ ಇದ್ದದ್ದು 28.5 ಆಯಿತು. ಲೋಡು ಹೆಚ್ಚಿತು, ಆಳು ಕಡಿಮೆಯಾಯಿತು.

ಮೊಬೈಲು, ಜಿಪಿಎಸ್ ಬಂದ ಮೇಲೆ ಕಾಟ ಇನ್ನೊಂದು ಬಗೆಯದು. ಹಾವೇರಿ ಹತ್ತಿರ ಕಣ್ಣು ಎಳೆದು ಪಕ್ಕಕ್ಕೆ ಹಾಕಿದರೆ ಹತ್ತು ನಿಮಿಷದಲ್ಲಿ ಫೋನು: ‘ಗಾಡಿ ಯಾಕ್ಲಾ ನಿಂತದೆ?’ ನಿದ್ದೆ ಎಂದರೆ ನಂಬುವವರಿಲ್ಲ. ಮುಖಕ್ಕೆ ನೀರು, ಬಾಯಿಗೆ ಗುಟ್ಕಾ, ಮತ್ತೆ ಸ್ಟಿಯರಿಂಗ್. ಓವರ್‌ಲೋಡಿಗೆ 2019ರ ತಿದ್ದುಪಡಿಯ ಪ್ರಕಾರ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಲೋಡು ಮಾಡಿಸಿದವನು ಬೇರೆ, ಕಟ್ಟಾಗಿದ್ದು ನನ್ನ ಬಾಟಾ.

ದುಡಿಮೆಯ ಗಂಟೆಗೆ ಕಾನೂನು ಇರಲಿಲ್ಲವೇ ಎಂದರೆ, ಇತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿತ್ತು, ದೂರದ ದಾರಿಗೆ ಸ್ವಲ್ಪ ಸಡಿಲಿಕೆ. ಆದರೆ ಐದು ಮಂದಿ ಕೆಲಸಗಾರರಾದರೂ ಇದ್ದ ಸಂಸ್ಥೆಗೆ ಮಾತ್ರ ಅದು ಅನ್ವಯ. ನಮ್ಮ ಕಡೆ ಒಂದು ಗಾಡಿ, ಎರಡು ಗಾಡಿ ಇಟ್ಟವರೇ ಹೆಚ್ಚು. 2025ರ ನವೆಂಬರ್ 21ರಿಂದ ಆ ಕಾಯ್ದೆ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ. ಅಲ್ಲಿ ಐದು ಹೋಗಿ ಹತ್ತು ಬಂದಿದೆ. ಈಗ ತಯಾರಾಗುವ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಸಂತೋಷ. ಆದರೆ ಆ ತಂಪಿನಲ್ಲಿ ಡ್ರೈವರ್ ಒಬ್ಬನೇ, ತಂಪಿಗೆ ನಿದ್ದೆ ಬೇಗ ಬರುತ್ತದೆ.

ಮುಂಬೈ ಪಕ್ಕದ ವಾಶಿ ಮಾರುಕಟ್ಟೆಗೆ ಹೊರಟ ಲೋಡಿನ ಹಳೆಯದೊಂದು ಚೀಟಿ ನನ್ನ ಹತ್ತಿರ ಉಳಿದಿದೆ. ಕಾಯಿಯ ಲೆಕ್ಕ, ಅಡ್ವಾನ್ಸು, ಬಾಡಿಗೆ. ಅಡಿಯಲ್ಲಿ ಪೆನ್ನಿನಲ್ಲಿ: ‘ನಾಡಿದ್ದು ಬೆಳಿಗ್ಗೆ 4ಕ್ಕೆ ವಾಶಿ. ಲೇಟಾದರೆ ಕಟ್.’ ಲೋಡು ಮುಗಿದದ್ದು ರಾತ್ರಿ ಒಂಬತ್ತಕ್ಕೆ. ತುಂಬಿದ ಲಾರಿ ಗಂಟೆಗೆ ಸರಾಸರಿ 40 ಕಿಲೋಮೀಟರ್ ಹೋದರೆ ದಾರಿಯೇ 25 ಗಂಟೆ. ಇರುವುದು 31. ಊಟ, ಡೀಸೆಲ್, ಟ್ರಾಫಿಕ್ ಕಳೆದರೆ ಒಬ್ಬನೇ ಡ್ರೈವರಿಗೆ ನಿದ್ದೆ ಎಲ್ಲಿ ಉಳಿಯಿತು? ದಿನಕ್ಕೆ 8 ಗಂಟೆಯ ಲೆಕ್ಕದಲ್ಲಾದರೆ ಇದು ಮೂರು ದಿನ ದಾಟುವ ದಾರಿ.

ನಿದ್ದೆಯನ್ನೂ ಮಾಡಿ ಆ ಹೊತ್ತಿಗೆ ಮುಟ್ಟಬೇಕೆಂದರೆ ವೇಗ ಏರಿಸಲೇಬೇಕು. ಅದರ ಬಗ್ಗೆ ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ನಿನಲ್ಲಿ ಒಂದು ಮಾತಿದೆ. ವೇಗದ ಮಿತಿ ಮೀರದೆ ಮುಟ್ಟಲಾಗದ ಸಮಯವನ್ನು ಗೊತ್ತುಮಾಡಿ ಹೋಗು ಎಂದವನೂ ತಪ್ಪಿತಸ್ಥ, ಆ ಸೂಚನೆಯೇ ಅದಕ್ಕೆ ಮೇಲ್ನೋಟದ ಸಾಕ್ಷಿ. ನಮ್ಮ ಪೊಲೀಸರು, ಆರ್‌ಟಿಓದವರು ಗಾಡಿ ನಿಲ್ಲಿಸಿದಾಗ ಲೈಸೆನ್ಸು, ಎಫ್‌ಸಿ ಕೇಳುತ್ತಾರೆ. ಅವರಲ್ಲಿ ನನ್ನ ಕೋರಿಕೆ ಇಷ್ಟೇ: ಲೋಡಿಂಗ್ ಚೀಟಿಯನ್ನೂ, ಡ್ರೈವರನ ಫೋನಿಗೆ ಬಂದ ಮೆಸೇಜನ್ನೂ ನೋಡಿ. ಸಮಯ ಕೊಟ್ಟವನ ಹೆಸರನ್ನೂ ಕೇಸಿನಲ್ಲಿ ಬರೆಯಿರಿ.