ಸಂತೆಯ ವ್ಯಾನಿಗೆ ಹಾಸಿಗೆ ಹಾಕಿದೆವು

ನಿಮ್ಮ ಮನೆಯ ಅಂಗಳದಲ್ಲಿ ಓಡದ ಗಾಡಿಯೊಂದು ನಿಂತಿದೆಯೇ? ಹಾಗಿದ್ದರೆ ನನ್ನ ಕಷ್ಟ ನಿಮಗೆ ಬೇಗ ಅರ್ಥವಾದೀತು. ರಂಗೋಲಿಗೆ ಜಾಗವಿಲ್ಲ, ಹಪ್ಪಳ ಒಣಗಿಸಲು ಬಿಸಿಲಿಲ್ಲ. ಬೀದಿಯ ಬೆಕ್ಕೆಲ್ಲ ಬಂದು ಅದರಡಿಯಲ್ಲೇ ಮರಿ ಹಾಕುತ್ತದೆ. ಸಾಗರದ ನಮ್ಮ ಮನೆಯಂಗಳದಲ್ಲಿ ಎರಡು ವರ್ಷ ಹೀಗೆ ನಿಂತಿದ್ದದ್ದು ನಮ್ಮವರ ಓಮ್ನಿ ವ್ಯಾನು.

ನಮ್ಮವರದು ಸಂತೆ ವ್ಯಾಪಾರ. ಹಿಂದಿನ ಸೀಟು ಮಡಚಿ, ಬಟ್ಟೆಗಂಟು ತುಂಬಿಕೊಂಡು ವಾರಕ್ಕೆ ಐದು ಊರಿನ ಸಂತೆ ಮಾಡುತ್ತಿದ್ದರು. ಮಂಡಿನೋವು ಜೋರಾದ ಮೇಲೆ ವ್ಯಾಪಾರ ನಿಂತಿತು. ಮಗಳು ಕೆಲಸಕ್ಕೆಂದು ಬೆಂಗಳೂರು ಸೇರಿದಳು. ಮನೆಯಲ್ಲಿ ಉಳಿದವರು ನಾವಿಬ್ಬರೇ. ಇವರು ಜಗಲಿಯಲ್ಲಿ, ನಾನು ಅಡುಗೆಮನೆಯಲ್ಲಿ. ಮಧ್ಯೆ ‘ಊಟಕ್ಕೆ ಬನ್ನಿ’, ‘ಬಂದೆ’ ಎಂಬ ಎರಡು ಮಾತು. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಆಡುವುದೆಲ್ಲ ಆಡಿ ಮುಗಿದಿದೆ ಎಂದುಕೊಂಡಿದ್ದೆ. ಒಂದು ಮಾತು ಮಾತ್ರ ಬಾಕಿಯಿತ್ತು. ಅದನ್ನು ಮುಂದೆ ಹೇಳುತ್ತೇನೆ.

ವ್ಯಾನನ್ನು ಮಾರಿಬಿಡಿ ಎಂದು ನಾನು ಬೆನ್ನುಬಿದ್ದಿದ್ದೆ. ಕಳೆದ ದೀಪಾವಳಿಗೆ ಬಂದ ಮಗಳು ಫೋನಿನಲ್ಲಿ ಏನೋ ತೋರಿಸಿದಳು. ಯಾವುದೋ ದೇಶದ ಗಂಡಹೆಂಡತಿ ವ್ಯಾನಿನೊಳಗೇ ಮಂಚ ಮಾಡಿ, ಒಲೆಯಿಟ್ಟುಕೊಂಡು ಊರೂರು ತಿರುಗುತ್ತಿದ್ದರು. ಇವರು ಅದನ್ನು ಮೂರು ಸಲ ನೋಡಿದರು. ಮರುದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಟೇಪು ಹಿಡಿದು ವ್ಯಾನಿನೊಳಗೆ ಕೂತಿದ್ದಾರೆ!

“ರೀ, ಇದೇನು ಹುಚ್ಚು?” ಎಂದೆ.

“ಹುಚ್ಚಲ್ಲ ಮಾರಾಯ್ತಿ, ಮಂಚ,” ಎಂದರು.

ಮೊದಲ ವಾರವೇ ಎಡವಟ್ಟು. ವ್ಯಾನಿನ ಒಳಗಿನ ಅಗಲ ನಾಲ್ಕಡಿಯೂ ಬರುವುದಿಲ್ಲ. ಕೆಳಗೊಂದು ಅಳತೆ, ಮೇಲೊಂದು ಅಳತೆ. ಇವರು ಕೆಳಗೆ ಮಾತ್ರ ಅಳೆದು ಪ್ಲೈವುಡ್ ಕೊಯ್ಯಿಸಿ ತಂದರು. ಹಲಗೆ ಬಾಗಿಲಲ್ಲೇ ಸಿಕ್ಕಿಕೊಂಡಿತು. ನಾನು ಹೊಲಿಗೆ ಬಲ್ಲವಳು. “ರವಿಕೆಗೆ ಕೈಹಾಕುವ ಮೊದಲು ಪೇಪರ್ ಕಟಿಂಗ್ ಮಾಡುವುದಿಲ್ಲವೇ? ಇದಕ್ಕೂ ಹಾಗೇ ಮಾಡಿ,” ಎಂದೆ. ಹಳೆಯ ಪತ್ರಿಕೆಗಳನ್ನು ಅಂಟಿಸಿ, ವ್ಯಾನಿನೊಳಗೆ ಹಾಸಿ, ಅಂಚು ಮಡಚಿ, ಕತ್ತರಿಸಿ ಕೊಟ್ಟೆ. ಆ ಅಳತೆಗೆ ಕೊಯ್ದ ಹಲಗೆ ಕೈಗೆ ಬಳೆ ಕೂತಂತೆ ಕೂತಿತು. ಆಮೇಲೆ ನನ್ನನ್ನು ಕೇಳದೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ ಎನ್ನಿ!

ಇವರಿಗೆ ವ್ಯಾನಿನ ಮಾಡು ಕೊಯ್ದು ಎತ್ತರ ಮಾಡುವ ಆಸೆಯೂ ಇತ್ತು. ಪರಿಚಯದ ಮೆಕ್ಯಾನಿಕ್ ತಡೆದ. ನೋಂದಣಿ ಪುಸ್ತಕದಲ್ಲಿರುವ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವಂತೆ ನಮ್ಮ ಇಷ್ಟದಂತೆ ಮಾರ್ಪಾಡು ಮಾಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೀಗೆನ್ನುತ್ತದೆ. ಆದ್ದರಿಂದ ನಾವು ಮಾಡು ಕೊಯ್ಯಲಿಲ್ಲ, ಬೆಸುಗೆ ಹಾಕಲಿಲ್ಲ, ಸೀಟು ಕಿತ್ತು ಎಸೆಯಲಿಲ್ಲ. ಮೂರು ಪೆಟ್ಟಿಗೆ, ಮೇಲೆ ಹಲಗೆ, ಎಲ್ಲವೂ ಎತ್ತಿ ಇಳಿಸುವಂಥವು. ಮಂಚ ಇಳಿಸಿ ಸೀಟು ಬಿಡಿಸಿದರೆ ಅದು ಮತ್ತೆ ಐದು ಜನರ ಮಾಮೂಲಿ ವ್ಯಾನು. ದೊಡ್ಡ ಮಾರ್ಪಾಡು ಮಾಡುವ ಮನಸ್ಸಿದ್ದವರು ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಈ ವ್ಯಾನು 1984ರಲ್ಲಿ ಪೇಟೆಗೆ ಬಂದದ್ದು, 2019ರಲ್ಲಿ ತಯಾರಿಕೆ ನಿಂತಿತು. ನಮ್ಮದು 2012ರ ಗಾಡಿ. ಓಮ್ನಿಯ ಇಂಜಿನ್ ಇರುವುದು ಮುಂದಿನ ಸೀಟಿನಡಿ. ಓಡಿ ಬಂದು ನಿಂತ ಮೇಲೂ ಬಹಳ ಹೊತ್ತು ಬಿಸಿ ಆರುವುದಿಲ್ಲ, ಮೇಲೆ ತಗಡಿನ ಮಾಡು ಬೇರೆ. ಅದಕ್ಕೆ ಸಂತೆಯಲ್ಲಿ ಮಾರದೆ ಉಳಿದ ಬಟ್ಟೆಯನ್ನೆಲ್ಲ ಅಟ್ಟದಿಂದ ಇಳಿಸಿದೆ. ದಪ್ಪ ಬಟ್ಟೆ ನಾಲ್ಕು ಮಡಿಕೆ ಮಾಡಿ ಮುಂದಿನ ಸೀಟಿಗೂ ಹಾಸಿಗೆಗೂ ನಡುವೆ ಪರದೆ ಹೊಲಿದೆ. ಹೂವಿನ ಚೀಟಿ ಬಟ್ಟೆ ಕಿಟಕಿಗಾಯಿತು. ನಾರಿನ ಹಾಸಿಗೆಯನ್ನು ಮೂರು ತುಂಡು ಮಾಡಿಸಿ ಒಂದೊಂದಕ್ಕೂ ಗವಸು ಹೊಲಿದೆ. ಹಗಲು ಮಡಚಿದರೆ ಕೂರಲು ಆಸನ, ರಾತ್ರಿ ಬಿಡಿಸಿದರೆ ಹಾಸಿಗೆ.

ಮೂರು ತಿಂಗಳು ನಮ್ಮ ಸಂಸಾರ ಅಂಗಳದಲ್ಲೇ ನಡೆಯಿತು. ಕಾಫಿ ಅಲ್ಲಿಗೇ, ಮಧ್ಯಾಹ್ನದ ಊಟವೂ ಪೆಟ್ಟಿಗೆಯ ಮೇಲೆ. ಸಾರಿನಲ್ಲಿ ಮರದಪುಡಿ ಬಿದ್ದದ್ದಕ್ಕೆ ಲೆಕ್ಕವಿಲ್ಲ. ಪಕ್ಕದ ಮನೆಯವರು “ಎಲ್ಲಿಗೆ ಹೊರಟಿರಿ, ಕಾಶಿಗಾ?” ಎಂದು ದಿನಕ್ಕೊಮ್ಮೆ ಕೇಳುವರು. ಒಂದು ರಾತ್ರಿ ಒಳಗಿನ ದೀಪ ಆರಿಸಲು ಮರೆತು ಬೆಳಿಗ್ಗೆ ಬ್ಯಾಟರಿ ಸತ್ತುಹೋಗಿತ್ತು. ಬೀದಿಯವರೆಲ್ಲ ಸೇರಿ ವ್ಯಾನು ತಳ್ಳಿದರು. ನೈಟಿಯ ಮೇಲೆ ಟವೆಲ್ ಹೊದ್ದು ನಾನೂ ತಳ್ಳಿದೆ! ಅಂದೇ ದೀಪಕ್ಕೆ ಬೇರೆ ಬ್ಯಾಟರಿ ಹಾಕಿಸಿದೆವು. ನೀವು ಮಾಡಿಸುವುದಾದರೂ ಮೊದಲೇ ಹಾಗೆ ಮಾಡಿಸಿ.

ಈಗ ಆ ಬಾಕಿ ಮಾತಿಗೆ ಬರುತ್ತೇನೆ. ನನ್ನ ತವರು ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ ದಡ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಆ ಸೀಮೆ ದ್ವೀಪದಂತಾಯಿತು. ಹೊಳೆಬಾಗಿಲಿನ ಲಾಂಚು ಹತ್ತಿಯೇ ಬಾಣಂತಿಯರೂ, ಮದುವಣಗಿತ್ತಿಯರೂ, ಅಡಿಕೆ ಮೂಟೆಗಳೂ ದಾಟಬೇಕು. ಸಂಜೆಯ ಮೇಲೆ ಲಾಂಚಿಲ್ಲ.

2014ರ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅಣ್ಣನ ಫೋನು. “ಅಪ್ಪಯ್ಯ ನಿನ್ನನ್ನು ಕೇಳ್ತಾ ಇದ್ದಾರೆ, ಬೇಗ ಬಾ.” ಇವರು ಮೂರಕ್ಕೆ ಬರುತ್ತೇನೆಂದು ಸಂತೆಗೆ ಹೋದವರು. ಫೋನು ಹತ್ತಲಿಲ್ಲ. ಈಗ ಬಂದಾರು, ಆಗ ಬಂದಾರು ಎಂದು ಕಾದು ಬಸ್ಸೂ ತಪ್ಪಿತು. ಬಂದದ್ದು ರಾತ್ರಿ ಒಂಬತ್ತಕ್ಕೆ. ಹೊಸನಗರದ ಮೇಲೆ ಸುತ್ತಿಕೊಂಡಾದರೂ ಹೋಗೋಣ ಎಂದು ಅತ್ತೆ. “ಈ ಮಳೆಯಲ್ಲಿ ಬೇಡ,” ಎಂದರು, ಅಷ್ಟೇ. ಬೆಳಗಿನ ಮೊದಲ ಲಾಂಚಿಗೆ ಹೋದೆವು. ಅಪ್ಪಯ್ಯ ನಸುಕಿನ ನಾಲ್ಕಕ್ಕೇ ಹೋಗಿಬಿಟ್ಟಿದ್ದರು.

ಅಂದಿನಿಂದ ಆ ವ್ಯಾನು ಕಂಡರೆ ನನಗಾಗದು. ಮಾರಿಬಿಡಿ ಎಂದದ್ದು ರಂಗೋಲಿಗಾಗಿ ಅಲ್ಲ. ಬಾಯಿಬಿಟ್ಟು ಮಾತ್ರ ಒಮ್ಮೆಯೂ ಹೇಳಿರಲಿಲ್ಲ.

ಒಂದು ದಿನ ಇವರು ಮುಂದಿನ ದೀಪ ಬಿಚ್ಚಿ ಒರೆಸುತ್ತಿದ್ದರು. ನಾನು ಪರದೆಗೆ ಉಂಗುರ ಹೊಲಿಯುತ್ತಿದ್ದೆ. ಬಾಯಿ ತಪ್ಪಿ ಬಂದೇಬಿಟ್ಟಿತು. “ಈ ದೀಪಕ್ಕೆ ಈಗ ಇಷ್ಟು ಉಪಚಾರ. ಅವತ್ತು ರಾತ್ರಿ ಇದನ್ನು ಹೊರಡಿಸಲು ಆಗಲಿಲ್ಲವಲ್ಲ ನಿಮಗೆ.”

ಇವರು ಬಹಳ ಹೊತ್ತು ತಲೆಯೆತ್ತಲಿಲ್ಲ. ಆಮೇಲೆ ಹೇಳಿದರು. “ಅವತ್ತು ಒಂದು ದೀಪ ಕೆಟ್ಟಿತ್ತು ಕಣೇ. ಮಳೆಗೆ ಸಂತೆ ನೆರೆಯಲೇ ಇಲ್ಲ. ಒಂದು ಗಿರಾಕಿಯಾದರೂ ಬರಲಿ ಅಂತ ಕೂತು ಹೊತ್ತಾಯ್ತು. ಜೇಬಿನಲ್ಲಿದ್ದದ್ದು ಎಂಬತ್ತು ರೂಪಾಯಿ. ಪೆಟ್ರೋಲಿಗೆ ದುಡ್ಡಿಲ್ಲ ಅಂತ ನಿನ್ನ ಹತ್ತಿರ ಹೇಗೆ ಹೇಳಲಿ?”

ನನ್ನ ಸಾಸಿವೆ ಡಬ್ಬಿಯಲ್ಲಿ ಅಂದು ಆರುನೂರು ರೂಪಾಯಿ ಇತ್ತು! ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅಂದು ಮಧ್ಯಾಹ್ನ ನಾವಿಬ್ಬರೂ ಊಟ ಮಾಡಲಿಲ್ಲ. ಕೋಪಕ್ಕಲ್ಲ, ಯಾರಿಗೂ ಹಸಿವಾಗಲಿಲ್ಲ. ಸಂಜೆ ಕಾಫಿ ಕೊಡುವಾಗ, “ಮೊದಲ ಪ್ರಯಾಣ ನಿನ್ನ ತವರಿಗೆ,” ಎಂದರು.

ಸಂಕ್ರಾಂತಿ ಕಳೆದ ವಾರ ಹೊರಟೆವು. ಹಗಲು ಹೊರಡೋಣವೆಂದರೆ ಕೇಳಲಿಲ್ಲ. ರಾತ್ರಿ ಊಟ ಮುಗಿಸಿಯೇ ಹೊರಡಿಸಿದರು. ಆವಿನಹಳ್ಳಿ ದಾಟಿ ಅಂಬಾರಗೋಡ್ಲು ಮುಟ್ಟುವಾಗ ಒಂಬತ್ತು ಗಂಟೆ ದಾಟಿತ್ತು. ಅಲ್ಲಿಂದ ಆಚೆಯ ಕಳಸವಳ್ಳಿಗೆ ಈಗ ಸೇತುವೆಯಿದೆ, ಉದ್ದ 2.44 ಕಿಲೋಮೀಟರು. 2025ರ ಜುಲೈನಲ್ಲಿ ಅದು ಉದ್ಘಾಟನೆಯಾಯಿತು. ಹಗಲಲ್ಲಿ ಬಸ್ಸಿನಲ್ಲಿ ದಾಟಿದ್ದೆ, ರಾತ್ರಿ ಇದೇ ಮೊದಲು. ಎರಡು ಬದಿಯಲ್ಲೂ ಕಪ್ಪು ನೀರು, ತಣ್ಣನೆ ಗಾಳಿ. ಇವರು ನಿಧಾನಕ್ಕೆ ಬಿಟ್ಟರು. ನಾನು ಗಡಿಯಾರ ನೋಡಿಕೊಂಡೆ. ಐದು ನಿಮಿಷ. ಇಷ್ಟೇ ನೀರು ನನ್ನನ್ನೂ ಅಪ್ಪಯ್ಯನನ್ನೂ ಒಂದು ರಾತ್ರಿ ಪೂರ್ತಿ ಬೇರೆ ಮಾಡಿತ್ತು. ಆಚೆ ದಡದಲ್ಲಿ ಇವರು ವ್ಯಾನು ನಿಲ್ಲಿಸಿ ನೀರಿನ ಬಾಟಲಿ ಕೊಟ್ಟರು. ಇಬ್ಬರೂ ಏನೂ ಮಾತಾಡಲಿಲ್ಲ.

ತವರಿನಲ್ಲಿ ಅತ್ತಿಗೆಯ ನಗುವೋ ನಗು. “ಅಲ್ವೇ, ತವರಿಗೆ ಬಂದು ವ್ಯಾನಿನಲ್ಲಿ ಮಲಗ್ತೀರಾ?” ಎಂದು. ಅಂಗಳದಲ್ಲಿ ಅಡಿಕೆ ಒಣಗಿಸುವ ಚಪ್ಪರದ ಪಕ್ಕ ವ್ಯಾನು ನಿಲ್ಲಿಸಿ ಅದರಲ್ಲೇ ಮಲಗಿದೆವು. ನಾಲ್ಕಡಿಯಲ್ಲಿ ಇಬ್ಬರು! ಒಬ್ಬರು ಮಗ್ಗುಲಾದರೆ ಇನ್ನೊಬ್ಬರೂ ಆಗಬೇಕು. ಆದರೂ ಎಷ್ಟೋ ವರ್ಷದ ಮೇಲೆ ನಡುವೆ ಎಚ್ಚರವಿಲ್ಲದೆ ಬೆಳಗಿನವರೆಗೆ ನಿದ್ದೆ ಬಂತು.

ಮರುದಿನ ಸಿಗಂದೂರಿನ ಚೌಡೇಶ್ವರಿಗೆ ಕೈಮುಗಿದು, ನಾಗೋಡಿ ದಾರಿಯಲ್ಲಿ ಘಟ್ಟವಿಳಿದು ಕೊಲ್ಲೂರಿಗೆ, ಅಲ್ಲಿಂದ ಮರವಂತೆಗೆ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಹಿಂದಿನ ಬಾಗಿಲು ಮೇಲೆತ್ತಿ, ಅದರ ನೆರಳಲ್ಲಿ ಕೂತು, ಕಡಲು ನೋಡುತ್ತ ಅವಲಕ್ಕಿ ಮೊಸರು ತಿಂದೆವು. ಮದುವೆ, ಮುಂಜಿ, ಸೂತಕಗಳಿಗಲ್ಲದೆ ನಾನು ಊರು ಬಿಟ್ಟು ಹೋದದ್ದು ಇದೇ ಮೊದಲು.

ಹೊರಡುವ ಮನಸ್ಸುಳ್ಳ ಸೋದರಿಯರಿಗೆ ನಾನು ಕಲಿತ ನಾಲ್ಕು ಮಾತು. ಒಲೆಯನ್ನು ವ್ಯಾನಿನ ಹೊರಗೇ ಹಚ್ಚಿ. ಮನೆಯ ದೊಡ್ಡ ಸಿಲಿಂಡರ್ ಬೇಡ. 5 ಕೆಜಿಯದನ್ನು ನೆಟ್ಟಗೆ ನಿಲ್ಲಿಸಿ ಕಟ್ಟಿ, ಓಡುವಾಗ ರೆಗ್ಯುಲೇಟರ್ ತೆಗೆದಿಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ತಳದಲ್ಲೇ ನಿಲ್ಲುತ್ತದೆ. ಮಲಗುವಾಗ ಎರಡು ಬದಿಯ ಗಾಜನ್ನೂ ಎರಡೆರಡು ಬೆರಳು ಇಳಿಸಿ, ಒಳಗಿನಿಂದ ಸೊಳ್ಳೆಬಲೆ ಸಿಕ್ಕಿಸಿ. ಇಂಜಿನ್ ಓಡಿಸುತ್ತ ಮಲಗಲೇಬಾರದು. ಅದರ ವಿಷಗಾಳಿಗೆ ವಾಸನೆಯಿರುವುದಿಲ್ಲ. ನೀರು ಇಪ್ಪತ್ತು ಲೀಟರಿನ ಎರಡು ಕ್ಯಾನು ಸಾಕು, ಅದೇ ನಲವತ್ತು ಕಿಲೋ ಭಾರ, ತಗ್ಗಿನಲ್ಲಿಡಿ. ಸ್ಟೀಲು ಡಬ್ಬಿಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತದಿದ್ದರೆ ದಾರಿಯುದ್ದ ಭಜನೆ! ರಾತ್ರಿ ತಂಗುವುದಾದರೆ ಬಂಧುಗಳ ಅಂಗಳ, ಇಲ್ಲವೇ ಬೆಳಕೂ ಕಾವಲೂ ಇರುವ ಜಾಗ, ಕೇಳಿಯೇ ನಿಲ್ಲಿಸಿ.

ತಿಂಡಿಗೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ, ಅವಲಕ್ಕಿ ಇದ್ದರೆ ಮೂರು ದಿನಕ್ಕೆ ಯೋಚನೆಯಿಲ್ಲ. ಜೀರಿಗೆ, ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು ಉಪ್ಪು ಸೇರಿಸಿ ಪುಡಿ ಮಾಡಿಟ್ಟುಕೊಳ್ಳಿ. ದಾರಿಯಲ್ಲಿ ಸಿಕ್ಕ ಮಜ್ಜಿಗೆಗೆ ಬೆರೆಸಿದರೆ ದಿಢೀರ್ ತಂಬುಳಿ.

ಖರ್ಚಿನ ಲೆಕ್ಕ ಕೇಳಿಯೇ ಕೇಳುತ್ತೀರಿ. ಪ್ಲೈವುಡ್ 6,200, ಹಾಸಿಗೆ 2,800, ಬ್ಯಾಟರಿ ಮತ್ತು ದೀಪ 5,500, ಮೆಕ್ಯಾನಿಕ್‌ಗೆ 4,000, ಸೊಳ್ಳೆಬಲೆ ಇತ್ಯಾದಿ 900. ಒಟ್ಟು 19,400 ರೂಪಾಯಿ. ಬಟ್ಟೆ ಮನೆಯದು, ಹೊಲಿಗೆ ನನ್ನದು.

ವ್ಯಾನು ಈಗಲೂ ಅಂಗಳದಲ್ಲೇ ನಿಲ್ಲುತ್ತದೆ, ರಂಗೋಲಿಗೆ ಇನ್ನೂ ಜಾಗವಿಲ್ಲ. ಮೊನ್ನೆ ಒಬ್ಬರು ಬಂದು ಮಾರುತ್ತೀರಾ ಎಂದು ಕೇಳಿದರು. ಇವರು ನನ್ನ ಮುಖ ನೋಡಿದರು. “ಇಲ್ಲ,” ಎಂದವಳು ನಾನೇ. ಮತ್ತೆ ಹೊರಡುವಾಗ ಪೆಟ್ರೋಲಿಗಿರಲಿ ಎಂದು ಸಾಸಿವೆ ಡಬ್ಬಿಯನ್ನು ವ್ಯಾನಿನ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ಅದರಲ್ಲಿ ಎಷ್ಟಿದೆಯೆಂದು ಈಗ ಇಬ್ಬರಿಗೂ ಗೊತ್ತು.