ನಮ್ಮ ಕೆಳಮನೆಯಲ್ಲೂ ಅಂಗಡಿ ಇತ್ತು

“ನಿಮ್ಮ ಕೆಳಮನೆಯಲ್ಲೂ ಅಂಗಡಿ ಇದೆಯಲ್ಲಮ್ಮ?”

ಪ್ರಶ್ನೆ ಕೇಳಿದವರು ನಮ್ಮ ವಾರ್ಡಿನ ಕಾರ್ಪೊರೇಟರ್. ಅವರೂ ಹೆಂಗಸೇ. ಗದರಿಸಿ ಕೇಳಿದ್ದಲ್ಲ, ನಗುತ್ತಲೇ ಕೇಳಿದ್ದು. ಆದರೆ ನನ್ನ ಕೈಯಲ್ಲಿದ್ದ ಅರ್ಜಿ ಒಮ್ಮೆಲೇ ಭಾರವಾಯಿತು. ಹದಿನಾರು ಮನೆಗಳ ಸಹಿ ಹಾಕಿಸಿಕೊಂಡು, ಬುರ್ಖಾದ ಬೆವರು ಒರೆಸಿಕೊಳ್ಳುತ್ತಾ ಹೋಗಿದ್ದೆ. ಪಕ್ಕದ ಹೋಟೆಲಿನ ಮೇಲೆ ದೂರು ಕೊಡಲು ಹೋದ ನಾನೇ ಆರೋಪಿಯ ಹಾಗೆ ತಲೆ ತಗ್ಗಿಸಿ ಕೂತೆ.

ಇದು ನಡೆದದ್ದು 2019ರಲ್ಲಿ, ಬೆಂಗಳೂರಿನಲ್ಲಿ. ಆಗ ತಿಂಗಳ ಮೊದಲ ಶನಿವಾರ ವಾರ್ಡ್ ಸಮಿತಿಯ ಸಭೆ ಸೇರುವ ಪದ್ಧತಿ ಹೊಸದಾಗಿ ಶುರುವಾಗಿತ್ತು. ಆ ಸಮಿತಿಯಲ್ಲಿ ಹತ್ತು ಸದಸ್ಯರಿರಬೇಕು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರಿರಬೇಕು ಎಂಬ ನಿಯಮವಿದೆ ಎಂದು ನನಗೆ ಗೊತ್ತಾದದ್ದೇ ಅಂದು. ಅಲ್ಲಿಯವರೆಗೆ ಪಾಲಿಕೆ ಎಂದರೆ ನನ್ನ ಪಾಲಿಗೆ ಎರಡೇ ಸಂಗತಿ: ವರ್ಷಕ್ಕೊಮ್ಮೆ ಯಜಮಾನರು ಕಟ್ಟುವ ಮನೆ ಕಂದಾಯ ಮತ್ತು ಬೆಳಿಗ್ಗೆ ಸೀಟಿ ಊದುವ ಕಸದ ಗಾಡಿ.

ನಮ್ಮದು ಮೂವತ್ತಕ್ಕೆ ನಲವತ್ತು ಅಡಿ ನಿವೇಶನದ ಎರಡಂತಸ್ತಿನ ಮನೆ. ನಲವತ್ತು ಅಡಿ ಅಗಲದ ರಸ್ತೆ. ನಾವು ಬಂದಾಗ ಸಂಜೆ ಮಕ್ಕಳು ರಸ್ತೆಯಲ್ಲೇ ಶಟಲ್ ಆಡುತ್ತಿದ್ದರು. 2018ರಲ್ಲಿ ಪಕ್ಕದ ಮನೆಯವರು ವಿದೇಶದಲ್ಲಿರುವ ಮಗನ ಹತ್ತಿರ ಹೋದರು, ಮನೆ ಹೋಟೆಲಾಯಿತು. ಮೂರು ಅಂತಸ್ತು ಪೂರ್ತಿ. ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾಗಿ ಹೊಗೆಯ ಕೊಳವೆ, ಗೇಟಿಗೆ ಅಡ್ಡವಾಗಿ ಗಿರಾಕಿಗಳ ಕಾರು, ರಾತ್ರಿ ಹನ್ನೆರಡಕ್ಕೆ ಪಾತ್ರೆ ತೊಳೆಯುವ ಸದ್ದು. ಮಗಳು ಎಸ್‌.ಎಸ್‌.ಎಲ್‌.ಸಿ.ಯಲ್ಲಿದ್ದಳು. ಕಿವಿಗೆ ಹತ್ತಿ ತುರುಕಿಕೊಂಡು ಓದುತ್ತಿದ್ದಳು. ಅವಳನ್ನು ನೋಡಿಯೇ ನಾನು ಅರ್ಜಿ ಬರೆಸಿದ್ದು.

ಆದರೆ ನಮ್ಮ ಕೆಳಮನೆಯಲ್ಲಿ? ಅಲ್ಲಿ ಐದು ಹೊಲಿಗೆ ಯಂತ್ರಗಳಿದ್ದವು. ಗಂಡನನ್ನು ಕಳೆದುಕೊಂಡ ಹುಡುಗಿಯೊಬ್ಬಳು ನಾಲ್ವರು ಹೆಂಗಸರನ್ನು ಸೇರಿಸಿಕೊಂಡು ಬ್ಲೌಸು, ಚೂಡಿದಾರ ಹೊಲಿಯುತ್ತಿದ್ದಳು. ಕೆಳಗಿನ ಎಂಟುನೂರು ಚದರಡಿಯನ್ನೂ ಅವಳಿಗೇ ಬಾಡಿಗೆಗೆ ಕೊಟ್ಟಿದ್ದೆವು. ಆ ಬಾಡಿಗೆಯಿಂದ ಮಕ್ಕಳ ಫೀಸು ನಡೆಯುತ್ತಿತ್ತು. ಅದು ‘ಅಂಗಡಿ’ ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಪಕ್ಕದವರದ್ದು ವ್ಯಾಪಾರ, ನಮ್ಮದು ಉಪಕಾರ! ಮನುಷ್ಯ ತನ್ನ ತಪ್ಪಿಗೆ ಎಷ್ಟು ಚಂದದ ಹೆಸರಿಟ್ಟುಕೊಳ್ಳುತ್ತಾನೆ ನೋಡಿ.

ಕಾರ್ಪೊರೇಟರ್ ನಮ್ಮನ್ನು ಹಾಗೆಯೇ ಕಳಿಸಲಿಲ್ಲ. ಪಕ್ಕದಲ್ಲಿದ್ದ ಇಂಜಿನಿಯರರಿಗೆ ನಿಯಮ ಓದಿ ಹೇಳಲು ಹೇಳಿದರು. ನಗರದ ಯಾವ ಭಾಗ ವಾಸಕ್ಕೆ, ಯಾವುದು ವ್ಯಾಪಾರಕ್ಕೆ, ಯಾವುದು ಕಾರ್ಖಾನೆಗೆ, ಯಾವುದು ಉದ್ಯಾನಕ್ಕೆ ಎಂದು ಬಣ್ಣ ಹಚ್ಚಿ ತೋರಿಸುವ ನಕ್ಷೆಗೆ ಮಹಾಯೋಜನೆ ಅಥವಾ ಮಾಸ್ಟರ್ ಪ್ಲಾನ್ ಎನ್ನುತ್ತಾರೆ. ಬೆಂಗಳೂರಿಗೆ 2007ರಲ್ಲಿ ಮಂಜೂರಾದ ಯೋಜನೆ ಇದೆ. 2015ನೇ ವರ್ಷವನ್ನು ಗುರಿಯಾಗಿಟ್ಟುಕೊಂಡು ಮಾಡಿದ್ದು ಅದು. ಅದರ ಪ್ರಕಾರ ಮುಖ್ಯ ವಸತಿ ವಲಯದ ಮನೆಯಲ್ಲಿ ಸಣ್ಣ ಅಂಗಡಿಗೋ ಉದ್ಯೋಗಕ್ಕೋ ಜಾಗ ಕೊಡಬಹುದು, ಆದರೆ ಮಿತಿ ಇದೆ. ಕಟ್ಟಡದ ಒಟ್ಟು ವಿಸ್ತೀರ್ಣದ ಶೇಕಡಾ 20 ಅಥವಾ 50 ಚದರ ಮೀಟರ್, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಾತ್ರ.

ಮನೆಗೆ ಬಂದು ಮಗಳ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ನಮ್ಮ ಎರಡು ಮಹಡಿ ಸೇರಿ ಸಾವಿರದ ಆರುನೂರು ಚದರಡಿ. ಅದರ ಶೇಕಡಾ 20 ಅಂದರೆ ಮುನ್ನೂರ ಇಪ್ಪತ್ತು. ನಾವು ಕೊಟ್ಟಿದ್ದು ಎಂಟುನೂರು. ಹೋಟೆಲಿನವನು ಮಹಾ ತಪ್ಪಿತಸ್ಥನಾದರೆ ನಾವು ಸಣ್ಣ ತಪ್ಪಿತಸ್ಥರು, ಅಷ್ಟೇ ವ್ಯತ್ಯಾಸ.

ಅಮ್ಮಿಗೆ ಫೋನ್ ಮಾಡಿ ಹೇಳಿಕೊಂಡೆ. ಅಮ್ಮಿ ನಕ್ಕಳು. ನಾನು ಹುಟ್ಟಿ ಬೆಳೆದದ್ದು ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನ ಹತ್ತಿರದ ಗಲ್ಲಿಯಲ್ಲಿ. ಅಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಎಂಬುದೇ ಬದುಕು. ಆ ಭಾಗ ಒಂದು ಕಾಲಕ್ಕೆ ಬೇರೆಯೇ ಪುರಸಭೆಗೆ ಸೇರಿತ್ತು. 1862ರಲ್ಲಿ ಪೇಟೆಗೊಂದು, ದಂಡುಪ್ರದೇಶಕ್ಕೊಂದು ಪುರಸಭೆ ಹುಟ್ಟಿದವು. 1949ರಲ್ಲಿ ಎರಡನ್ನೂ ಕೂಡಿಸಿ ಒಂದೇ ಪಾಲಿಕೆ ಮಾಡಿದರು. ರಸೆಲ್ ಮಾರ್ಕೆಟ್ಟು ದಂಡಿನ ಪುರಸಭೆಯ ಕಾಲದ್ದು. “ಅಂಗಡಿ ದೀಪ ಉರಿಯುತ್ತಿದ್ದರೆ ಹೆಣ್ಣುಮಕ್ಕಳು ರಾತ್ರಿ ಧೈರ್ಯವಾಗಿ ಮನೆಗೆ ಬರಬಹುದು. ನಿಮ್ಮ ಲೇಔಟಿನಲ್ಲಿ ಎಂಟು ಗಂಟೆಗೆ ನಾಯಿ ಬಿಟ್ಟರೆ ಯಾರೂ ಇರುವುದಿಲ್ಲ” ಎಂದಳು. ಆ ಮಾತೂ ಸುಳ್ಳಲ್ಲ. ಮನೆಗಳ ನಡುವೆ ಒಂದು ಕಿರಾಣಿ, ಒಂದು ಔಷಧದ ಅಂಗಡಿ, ಒಬ್ಬ ದರ್ಜಿ ಬೇಕೇ ಬೇಕು. ಪ್ರಶ್ನೆ ಅಂಗಡಿಯದ್ದಲ್ಲ, ಅಳತೆಯದ್ದು. ಉಪ್ಪಿಲ್ಲದ ಸಾರೂ ಬೇಡ, ಉಪ್ಪೇ ಆದ ಸಾರೂ ಬೇಡ.

ಆ ರಾತ್ರಿ ಯಜಮಾನರ ಹತ್ತಿರ ಮಾತು ತೆಗೆದೆ. “ಊರೆಲ್ಲ ಹೀಗೇ ನಡೆಯುತ್ತದೆ, ನಾವೊಬ್ಬರು ಸರಿಯಾದರೆ ಏನಾಗುತ್ತದೆ?” ಎಂದರು. ಉತ್ತರ ನನಗೂ ಗೊತ್ತಿರಲಿಲ್ಲ. “ಮುಂದಿನ ಶನಿವಾರ ಅದೇ ಕುರ್ಚಿಯಲ್ಲಿ ಕೂತು ತಲೆ ಎತ್ತಬೇಕು, ಅದಕ್ಕೆ” ಎಂದೆ. ಎರಡು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು. ಮೂರನೆಯ ದಿನ ಅವರೇ ಟೇಪು ಹಿಡಿದು ಕೆಳಮನೆ ಅಳೆದರು.

ಹೊಲಿಗೆಯ ಹುಡುಗಿಗೆ ವಿಷಯ ಹೇಳುವುದೇ ಕಷ್ಟವಾಗಿತ್ತು. ಅವಳು ಅತ್ತೇಬಿಡುತ್ತಾಳೆಂದು ಹೆದರಿದ್ದೆ. ಅವಳು ನನಗಿಂತ ಗಟ್ಟಿ. “ಹಾಲ್ ಒಂದೇ ಸಾಕು ಅಕ್ಕ, ಹಿಂದಿನ ಎರಡು ರೂಮಲ್ಲಿ ಬಟ್ಟೆ ಗಂಟು ಬಿಟ್ಟರೆ ಏನಿದೆ? ಬಾಡಿಗೆ ಅರ್ಧ ಮಾಡಿ” ಎಂದಳು. ನಮ್ಮ ಆದಾಯ ಅರ್ಧಕ್ಕಿಳಿಯಿತು. ಕಿರಿಯವನ ಟ್ಯೂಷನ್ ಬಿಡಿಸಿ ನಾನೇ ಪಾಠ ಹೇಳಲು ಕೂತೆ.

ಮುಂದಿನ ಸಭೆಗೆ ಹೋದಾಗ ನನ್ನ ಧ್ವನಿ ಬೇರೆಯಾಗಿತ್ತು. ಹೋಟೆಲು ಪೂರ್ತಿ ಮುಚ್ಚಲಿಲ್ಲ. ಆದರೆ ಮೇಲಿನ ಎರಡು ಅಂತಸ್ತಿನ ಮೇಜುಗಳು ಹೋದವು, ಹೊಗೆಯ ಕೊಳವೆ ಮೇಲಕ್ಕೇರಿತು, ರಾತ್ರಿ ಹತ್ತಕ್ಕೆ ಬಾಗಿಲು ಎಳೆಯುವಂತಾಯಿತು. ಮಗಳು ಹತ್ತಿ ತೆಗೆದು ಓದಿದಳು.

ಅದೇ ಸಭೆಯಲ್ಲಿ ಕಸದ ಮಾತೂ ಬಂತು. ಹೋಟೆಲಿನ ಕಸ ನಮ್ಮ ಮೂಲೆಯಲ್ಲಿ ಬೀಳುತ್ತದೆ ಎಂದು ಎಲ್ಲರೂ ದೂರಿದೆವು. ಆದರೆ ಹಸಿ ಕಸ, ಒಣ ಕಸ ಬೇರೆ ಮಾಡುವವರು ಕೈ ಎತ್ತಿ ಎಂದಾಗ ಎದ್ದ ಕೈಗಳು ಕೆಲವೇ. ಬೆಂಗಳೂರಿನ ಕಸ ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರಿನಂಥ ಹಳ್ಳಿಗಳ ಮಗ್ಗುಲಲ್ಲಿ ಗುಡ್ಡೆಯಾಯಿತು. 2012ರಲ್ಲಿ ಮಾವಳ್ಳಿಪುರ ಬಂದಾದಾಗ ನಗರದ ಬೀದಿಗಳು ನಾರಿದವು. ಮಂಡೂರಿನ ಜನ ಹೋರಾಡಿ 2014ರ ಕೊನೆಗೆ ಲಾರಿಗಳನ್ನು ನಿಲ್ಲಿಸಿದರು. 2015ರಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲ ಎಂಬ ಕ್ರಮವನ್ನು ಪ್ರತಿ ಮನೆಗೂ ಕಡ್ಡಾಯ ಮಾಡಿತು. ನಮ್ಮ ಅಡುಗೆಮನೆಯ ಈರುಳ್ಳಿ ಸಿಪ್ಪೆ, ಮಗುವಿನ ಡೈಪರು ಒಂದೇ ಚೀಲದಲ್ಲಿ ಹೋದರೆ, ಅದರ ವಾಸನೆ ಯಾವುದೋ ಹಳ್ಳಿಯ ತಾಯಿಯ ಬಾವಿಗೆ ಹೋಗುತ್ತದೆ. ಇದನ್ನು ಸರಿಪಡಿಸಲು ಯಾವ ಮಂತ್ರಿಯೂ ಬರಬೇಕಾಗಿಲ್ಲ.

ಹಾಗೆಂದು ಎಲ್ಲವೂ ನಮ್ಮ ಮನೆಯಿಂದಲೇ ಸರಿಹೋಗುತ್ತದೆ ಎನ್ನಲಾರೆ. ನನ್ನ ತಮ್ಮನಿಗೆ ಕಮರ್ಷಿಯಲ್ ಸ್ಟ್ರೀಟಿನ ಅಡ್ಡರಸ್ತೆಯಲ್ಲಿ ಅಬ್ಬಾಜಾನರ ಕಾಲದ ಲೇಸು, ಗುಂಡಿಯ ಅಂಗಡಿ ಇದೆ. ನಗರದ ಹೃದಯಭಾಗವನ್ನು ಚಂದಗೊಳಿಸುವ ಯೋಜನೆಯಲ್ಲಿ 2018ರಲ್ಲಿ ಚರ್ಚ್ ಸ್ಟ್ರೀಟಿಗೆ ಕಲ್ಲು ಹಾಸಿದ್ದನ್ನು ನೋಡಿ ನಾವೂ ಮೆಚ್ಚಿದ್ದೆವು. 2020ರಲ್ಲಿ ಕಮರ್ಷಿಯಲ್ ಸ್ಟ್ರೀಟ್ ಅಗೆದರು. ಅತ್ತ ಕೊರೋನಾ, ಇತ್ತ ಹೊಂಡ. 2021ರಲ್ಲಿ ರಸ್ತೆ ತೆರೆದ ಮೇಲೂ ಹಾಸಿದ ಕಲ್ಲನ್ನು ಕಿತ್ತು ಮತ್ತೆ ಹಾಸಬೇಕಾಯಿತು. ಎರಡು ರಂಜಾನ್ ವ್ಯಾಪಾರ ಕೈಬಿಟ್ಟ ತಮ್ಮ ಈಗಲೂ ಸಾಲ ತೀರಿಸುತ್ತಿದ್ದಾನೆ. ಈಗ ನಡೆಯಲು ಹಾಯಾಗಿದೆ, ಅಮ್ಮಿಯೂ ಎಡವದೆ ನಡೆಯುತ್ತಾಳೆ. ಆದರೆ ಕೆಲಸ ಎಷ್ಟು ತಿಂಗಳು, ಸರಕು ಇಳಿಸುವುದು ಎಲ್ಲಿ, ನೀರು ಹೋಗುವುದು ಎತ್ತ ಎಂದು ಅಂಗಡಿಯವರನ್ನು, ಗಿರಾಕಿ ಹೆಂಗಸರನ್ನು ಕೂರಿಸಿ ಮೊದಲೇ ಕೇಳಿದ್ದರೆ ಅರ್ಧ ನೋವು ತಪ್ಪುತ್ತಿತ್ತು ಎನ್ನುತ್ತಾನೆ ತಮ್ಮ.

ಕೇಳುವ ಜಾಗವೇ ಇಲ್ಲವಾದರೆ? 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪಾಲಿಕೆಯ ಸದಸ್ಯರ ಅವಧಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಅದನ್ನು ಐದು ಪಾಲಿಕೆಗಳಾಗಿ ವಿಂಗಡಿಸುವವರೆಗೆ ಒಂದು ಚುನಾವಣೆಯೂ ನಡೆಯಲಿಲ್ಲ. ಐದು ವರ್ಷ ಅಧಿಕಾರಿಗಳೇ ಆಡಳಿತ ನಡೆಸಿದರು. ನನಗೆ ಪ್ರಶ್ನೆ ಕೇಳಿ ನಾಚಿಸಿದ ಆ ಕಾರ್ಪೊರೇಟರಮ್ಮನ ಕುರ್ಚಿ ಖಾಲಿಯಾಯಿತು. ಆಗಲೇ ಅದರ ಬೆಲೆ ತಿಳಿದದ್ದು.

ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ನಗರಾಡಳಿತಕ್ಕೆ ವಹಿಸಬಹುದಾದ 18 ಕೆಲಸಗಳ ಪಟ್ಟಿ ಬಂತು. ಮೊದಲನೆಯದು ನಗರ ಯೋಜನೆ. ಮುಂದೆ ನೀರು, ನೈರ್ಮಲ್ಯ, ಬೀದಿ ದೀಪ, ಬಸ್ ತಂಗುದಾಣ, ಜನನ ಮರಣದ ದಾಖಲೆ, ದಫನ ಭೂಮಿ. ತೊಟ್ಟಿಲಿನಿಂದ ಕಬರಿನವರೆಗೆ ಅದರಲ್ಲಿ ಇಲ್ಲದ್ದು ಏನಿದೆ? ಅದನ್ನು ಗಂಡಸರ ರಾಜಕೀಯ ಎಂದು ಬಿಟ್ಟುಬಿಟ್ಟೆವಲ್ಲ! 2017ರಲ್ಲಿ 2031ನೇ ವರ್ಷಕ್ಕೆಂದು ಹೊಸ ಮಹಾಯೋಜನೆಯ ಕರಡು ಪ್ರಕಟಿಸಿ ಆಕ್ಷೇಪಣೆ ಕರೆದಾಗ ಸಾವಿರಾರು ಮಂದಿ ಬರೆದರು, ಕೊನೆಗೆ ಅದನ್ನು ಸರಕಾರ ಹಿಂದಕ್ಕೆ ಪಡೆಯಿತು. ಆ ಪ್ರಕಟಣೆ ಬಂದ ಪತ್ರಿಕೆಯನ್ನು ನಾನು ಬಹುಶಃ ಡಬ್ಬಿಗಳ ಕೆಳಗೆ ಹಾಸಿರಬೇಕು.

ಈಗ ಹಾಗೆ ಮಾಡುವುದಿಲ್ಲ. ಸಾರ್ವಜನಿಕ ಪ್ರಕಟಣೆಯ ಪುಟವನ್ನು ಓದಿಯೇ ಮಡಚುತ್ತೇನೆ. ನಿಮ್ಮದು ನಗರವಾಗಲಿ, ಪಟ್ಟಣ ಪಂಚಾಯತಿಯಾಗಲಿ, ಒಮ್ಮೆ ಓದಿ ನೋಡಿ. ಆಕ್ಷೇಪಣೆಗೆ ಎಷ್ಟು ದಿನ ಇದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಹಾಲಿನ ಲೆಕ್ಕದ ಪಕ್ಕದಲ್ಲೇ.

ಕೆಳಮನೆಯ ಹಿಂದಿನ ಎರಡು ಕೋಣೆ ಖಾಲಿಯಾಗಿತ್ತಲ್ಲ, ಅಲ್ಲಿಗೆ ಅಮ್ಮಿ ಬಂದಿದ್ದಾಳೆ. ಮಂಡಿ ನೋವಿಗೆ ಶಿವಾಜಿನಗರದ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಹಗಲಿಡೀ ಹೊಲಿಗೆ ಯಂತ್ರದ ಸದ್ದು ಕೇಳುತ್ತಾ ಕೂರುತ್ತಾಳೆ, ಗುಂಡಿ ಹಾಕಿ ಕೊಡುತ್ತಾಳೆ. “ಕೊನೆಗೂ ಅಂಗಡಿ ಹಿಂದಿನ ಮನೆಯೇ ಸಿಕ್ಕಿತು ನನಗೆ” ಎಂದು ನಗುತ್ತಾಳೆ. ಹೋದ ಬಾಡಿಗೆಯ ನೆನಪು ಯಜಮಾನರಿಗೂ ಈಗ ಬರುವುದಿಲ್ಲ.