ಏತಕ್ಕೆ ಕಟ್ಟಿದ ಕವಣೆ

ದೀಪಾವಳಿ ರಜೆ ಬಂತೆಂದರೆ ಪುಣೆಯ ಮಕ್ಕಳಿಗೆ ಮಣ್ಣಿನ ಹುಚ್ಚು ಹಿಡಿಯುತ್ತದೆ. ಅಂಗಳದ ಮೂಲೆಯಲ್ಲಿ ಕಲ್ಲು, ಇಟ್ಟಿಗೆ ಪೇರಿಸಿ, ಗೋಣಿತಟ್ಟು ಹೊದಿಸಿ, ಕೆಮ್ಮಣ್ಣು ಮೆತ್ತಿ ‘ಕಿಲ್ಲಾ’ ಕಟ್ಟುತ್ತಾರೆ. ನೆತ್ತಿಯ ಮೇಲೆ ಶಿವಾಜಿ ಮಹಾರಾಜರನ್ನು ಕೂರಿಸುತ್ತಾರೆ. ಎಂಟನೆಯ ತರಗತಿಯ ನಮ್ಮ ಮಗಳು ಕಳೆದ ವರ್ಷ ಈ ಸಂಭ್ರಮದ ಜೊತೆಗೆ ಇನ್ನೊಂದು ಹೊರೆಯನ್ನೂ ಹೊತ್ತು ತಂದಳು. ಸನ್ನೆಯ ಪಾಠಕ್ಕೆ ಕೆಲಸ ಮಾಡುವ ಮಾದರಿಯೊಂದನ್ನು ರಜೆ ಮುಗಿಯುವುದರೊಳಗೆ ತಯಾರಿಸಬೇಕು. ಅವಳು ಆರಿಸಿಕೊಂಡದ್ದು ಟ್ರೆಬುಶೆ.

ಹೆಸರು ಕೇಳಿ ನಾನು ಫ್ರೆಂಚ್ ತಿಂಡಿಯೆಂದುಕೊಂಡೆ. ಅದು ಫಿರಂಗಿಗಳ ಕಾಲಕ್ಕೆ ಮೊದಲು ಕೋಟೆಗಳ ಮೇಲೆ ಕಲ್ಲು ಎಸೆಯುತ್ತಿದ್ದ ಯಂತ್ರ. ಎತ್ತರದ ಕಂಬಗಳ ನಡುವೆ ಒಂದು ತೊಲೆ. ಅದರ ಗಿಡ್ಡ ತುದಿಗೆ ದೊಡ್ಡ ಭಾರ, ಉದ್ದನೆಯ ತುದಿಗೆ ಹಗ್ಗದ ಜೋಲಿ. ಭಾರ ಕೆಳಗೆ ಬಿದ್ದಾಗ ಉದ್ದನೆಯ ತುದಿ ಮೇಲೆ ಚಿಮ್ಮಿ ಜೋಲಿಯ ಕಲ್ಲನ್ನು ಬೀಸುತ್ತದೆ. 1304ರಲ್ಲಿ ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಯೆದುರು ಇಂಥದೊಂದು ಭಾರಿ ಯಂತ್ರ ಕಟ್ಟಿಸಿದ. ಒಳಗಿದ್ದವರು ಶರಣಾಗುತ್ತೇವೆಂದರೂ, ಯಂತ್ರವನ್ನು ಒಮ್ಮೆ ಪರೀಕ್ಷಿಸಿ ನೋಡದೆ ಅವನು ಒಪ್ಪಲಿಲ್ಲವಂತೆ. ಹೊಸ ಆಟಿಕೆ ಕೈಗೆ ಸಿಕ್ಕ ಮಗುವಿಗೂ ದೊರೆಗೂ ಏನು ವ್ಯತ್ಯಾಸ, ನೀವೇ ಹೇಳಿ.

ಪಿಂಪರಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಯಂತ್ರಗಳ ನಡುವೆ ಇದ್ದವನು ನಾನು. ಇದೇನು ಮಹಾ ಎಂದು ಅಂಗಿಯ ತೋಳು ಮಡಚಿದೆ. ಹಣ್ಣಿನ ಪೆಟ್ಟಿಗೆಯ ಹಲಗೆ ಕಳಚಿ ಚೌಕಟ್ಟು ಮಾಡಿದೆ. 50 ಸೆಂಟಿಮೀಟರಿನ ಕೋಲಿಗೆ 10 ಒಂದು ಕಡೆ, 40 ಇನ್ನೊಂದು ಕಡೆ ಬರುವಂತೆ ತೂತು ಕೊರೆದು ಕಬ್ಬಿಣದ ಸರಳು ತೂರಿಸಿದೆ. ಗಿಡ್ಡ ತುದಿಗೆ ಒಂದು ಕಿಲೋ ಮರಳು ತುಂಬಿದ ಡಬ್ಬಿ. ಎಸೆಯುವ ವಸ್ತು ಭಾರದ ನೂರನೆಯ ಒಂದು ಪಾಲಿನಷ್ಟಿದ್ದರೆ ಒಳ್ಳೆಯದೆಂದು ಮಗಳು ಎಲ್ಲೋ ಓದಿದ್ದಳು. ಹತ್ತು ಗ್ರಾಂ ಆಸುಪಾಸಿನ ಗುಂಡು ಎಲ್ಲಿ? ಅಜ್ಜನ ಎಲೆಅಡಿಕೆ ಚೀಲದಿಂದ ಒಂದು ಇಡೀ ಅಡಿಕೆ ಎತ್ತಿಕೊಂಡು ಬಂದಳು.

ಅಜ್ಜ ಎಂದರೆ ನನ್ನ ತಂದೆ. ಅವ್ವ ತೀರಿಕೊಂಡ ಮೇಲೆ ಚಿತ್ರದುರ್ಗ ಜಿಲ್ಲೆಯ ನಮ್ಮ ಹಳ್ಳಿಯಿಂದ ಅವರನ್ನು ಕರೆತಂದು ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಕೂರಿಸಿದ್ದೆ. ಎಂಬತ್ತು ದಾಟಿದ ಜೀವ. ಬೆಳಿಗ್ಗೆ ಕಾಫಿ, ಸಂಜೆ ಕಾಫಿ, ನಡುವೆ “ಊರಿನ ಬಸ್ಸು ಎಷ್ಟೊತ್ತಿಗಪ್ಪಾ?” ಎಂಬ ಒಂದೇ ಪ್ರಶ್ನೆ. ಮೊಮ್ಮಗಳ ಕನ್ನಡ ಅರ್ಧ ಮರಾಠಿ. ಅಜ್ಜನ ಕನ್ನಡ ಪೂರ್ತಿ ಹೊಲದ್ದು. “ಊಟ ಆಯ್ತಾ ಅಜ್ಜ?” “ಆಯ್ತವ್ವ.” ಅವರಿಬ್ಬರ ಸಂಭಾಷಣೆ ಅದಕ್ಕಿಂತ ಮುಂದೆ ಹೋದದ್ದಿಲ್ಲ. ನಿಮ್ಮಲ್ಲಿಯೂ ಎಷ್ಟೋ ಮನೆಗಳಲ್ಲಿ ಹೀಗೇ ಇರಬಹುದು.

ನಮ್ಮ ಟ್ರೆಬುಶೆ ಎಸೆಯಲಿಲ್ಲ. ಡಬ್ಬಿ ಧಡಕ್ಕನೆ ಬಿದ್ದು ಕೋಲು ಮೇಲೆದ್ದರೂ, ಅಡಿಕೆ ಜೋಲಿಯೊಳಗೇ ತೂಗಾಡಿಕೊಂಡು ಉಳಿಯಿತು. ಭಾರ ಹೆಚ್ಚಿಸಿದೆ, ಚೌಕಟ್ಟು ಬಿರಿಯಿತು. ಜೋಲಿ ಗಿಡ್ಡ ಮಾಡಿದೆ. ಅಡಿಕೆ ಉರುಳಿ ಸೋಫಾದ ಅಡಿ ಸೇರಿತು. ಎರಡು ದಿನ ಹೀಗೇ ಕಳೆಯಿತು. “ಪಪ್ಪಾ, ಬೇರೆ ಏನಾದರೂ ಅಂಗಡಿಯಿಂದ ತರೋಣ” ಎಂದು ಮಗಳು ಹೇಳಿದಾಗ ನನ್ನ ಇಪ್ಪತ್ತೆರಡು ವರ್ಷದ ಅನುಭವಕ್ಕೆ ಕಪಾಳಮೋಕ್ಷವಾಯಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಪ್ಪ ಮೆಲ್ಲನೆ ಬಂದು ಕೆಳಗೆ ಕುಳಿತರು. ಡಬ್ಬಿಯನ್ನು ಬೆರಳಿನಿಂದ ತೂಗಿ, “ಇದು ಏತ ಅಲ್ಲೇನೋ?” ಎಂದರು. ಹೌದಲ್ಲ! ಬಾವಿಯ ಮೇಲೆ ಉದ್ದನೆಯ ಮರ, ಹಿಂದಿನ ತುದಿಗೆ ಕಲ್ಲಿನ ಭಾರ, ಮುಂದೆ ನೀರಿನ ಬಾನಿ. ಪಂಪ್‌ಸೆಟ್ಟು ಬಂದ ಮೇಲೆ ಆ ಮರ ಬಾವಿಯ ಪಕ್ಕದಲ್ಲಿ ಬಿದ್ದಿತ್ತು. ಅದರ ಮೇಲೆ ಕುಳಿತು ನಾನೇ ಮಗ್ಗಿ ಬಾಯಿಪಾಠ ಮಾಡಿದ್ದೆ. ಆದರೂ ಹೊಳೆದಿರಲಿಲ್ಲ.

ಆಮೇಲೆ ಜೋಲಿಯನ್ನು ಕೈಗೆತ್ತಿಕೊಂಡು ನಕ್ಕರು. “ಏತಕ್ಕೆ ಕವಣೆ ಕಟ್ಟೀರಿ. ಎರಡೂ ತುದೀನ ಬಿಗಿದು ಕಟ್ಟಿದರೆ ಕಲ್ಲು ಎಲ್ಲಿಗೆ ಹೋದೀತು ತಾಯಿ? ಒಂದು ಕಟ್ಟಬೇಕು, ಒಂದು ಬಿಡಬೇಕು.”

ಚಿತ್ರದಲ್ಲಿ ಎರಡು ಹಗ್ಗ ಕಂಡಿದ್ದವು, ಎರಡನ್ನೂ ನಾನು ಭದ್ರವಾಗಿ ಬಿಗಿದಿದ್ದೆ. ಬಿಗಿಯುವುದು ಕಾರ್ಖಾನೆಯ ಅಭ್ಯಾಸ ನೋಡಿ! ಅಪ್ಪ ಮಗಳ ಹಳೆಯ ಪಾವಡೆಯ ಲಾಡಿ ತರಿಸಿ, ನಡುವೆ ಬಟ್ಟೆಯ ತುಂಡು ಹೊಲಿದು ಕವಣೆ ಮಾಡಿದರು. ಒಂದು ತುದಿಯ ಕುಣಿಕೆ ಬೆರಳಿಗೆ. ಇನ್ನೊಂದು ತುದಿ ಹೆಬ್ಬೆರಳು ತೋರುಬೆರಳ ನಡುವೆ. ಜೋಳ ಹಾಲುಗಾಳಾದಾಗ ಅಟ್ಟಣೆಯ ಮೇಲೆ ನಿಂತು ಗಿಳಿಗಳ ಹಿಂಡು ಓಡಿಸುತ್ತಿದ್ದುದನ್ನು ಹೇಳುತ್ತ ಖಾಲಿ ಕವಣೆಯನ್ನೇ ತಲೆಯ ಮೇಲೆ ಬೀಸಿ, ಹಿಡಿದ ತುದಿಯನ್ನು ಬಿಟ್ಟರು. ಲಾಡಿ ಛಟ್ಟೆಂದಿತು. ಮಗಳು ಬಾಯಿ ತೆರೆದು ನೋಡಿದಳು. ನನ್ನ ಹೆಂಡತಿ ಟ್ಯೂಬ್‌ಲೈಟು ನೋಡಿದಳು.

ಮುಂದಿನದು ಸುಲಭವಾಯಿತು. ಲಾಡಿಯ ಒಂದು ತುದಿ ಕೋಲಿಗೆ ಗಂಟು. ಇನ್ನೊಂದರ ಕುಣಿಕೆ ಕೋಲಿನ ತುದಿಗೆ ಹೊಡೆದ ಮೊಳೆಗೆ. ಆ ಮೊಳೆಯೇ ಹೆಬ್ಬೆರಳು. ಮೊಳೆ ನೆಟ್ಟಗಿದ್ದಾಗ ಕುಣಿಕೆ ಬೇಗ ಜಾರಿ ಅಡಿಕೆ ಹಿಂದಕ್ಕೆ ಹಾರಿ ಗೋಡೆಯ ಕ್ಯಾಲೆಂಡರಿಗೆ ಬಡಿಯಿತು. ತುಂಬ ಬಗ್ಗಿಸಿದಾಗ ತಡವಾಗಿ ಜಾರಿ ಎದುರಿನ ನೆಲಕ್ಕೆ ಕುಕ್ಕಿತು. “ಹದ ನೋಡವ್ವ, ಹದ” ಎನ್ನುತ್ತ ಅಜ್ಜ ಮೊಳೆ ಬಗ್ಗಿಸಿದರು. ಮೊಮ್ಮಗಳು ಪ್ರತಿ ಸಲ ಅಳೆದು ಬರೆದಳು. ಸಂಜೆ ಅಂಗಳಕ್ಕೆ ಇಳಿಸಿದಾಗ ಅಡಿಕೆ 20 ಅಡಿ ದಾಟಿತು.

ಅಲ್ಲಿ ಹೊಸ ತಕರಾರು ಎದ್ದಿತು. ಮಹಾರಾಜರ ಕಿಲ್ಲಾದ ಮೇಲೆ ಕಲ್ಲು ಎಸೆಯುವವರು ಯಾರು? ಮಕ್ಕಳು ಒಪ್ಪಲಿಲ್ಲ. 1301ರಲ್ಲಿ ರಣಥಂಭೋರನ್ನು ಮುತ್ತಿದ ಅಲ್ಲಾವುದ್ದೀನ್ ಖಿಲ್ಜಿಯ ಸೇನಾನಿ ನುಸ್ರತ್ ಖಾನ್ ಸತ್ತದ್ದು ಕೋಟೆಯ ಒಳಗಿನಿಂದ ಬಂದ ಯಂತ್ರದ ಕಲ್ಲಿನಿಂದ ಎಂದು ನಾನು ಹೇಳಿದೆ. ಕೂಡಲೇ ಯಂತ್ರ ಕಿಲ್ಲಾದೊಳಗೆ ಸ್ಥಾಪನೆಯಾಯಿತು; ಶತ್ರುಗಳೆಲ್ಲ ಕಾರ್ ನಿಲ್ಲಿಸುವ ಕಡೆಯಿಂದ ಬಂದರು. ಕಾರ್ಯದರ್ಶಿಗಳು ಗಾಜುಗಳ ಬಗ್ಗೆ ಎಚ್ಚರಿಕೆ ಕೊಟ್ಟು ಹೋದರು.

ಶಾಲೆಯಲ್ಲಿ ಬಹುಮಾನ ಬಂದದ್ದು ಬೇರೆ ಯಾರಿಗೋ. ಆದರೆ ನಮ್ಮ ಹುಡುಗಿಯ ಫಲಕದಲ್ಲಿ ಇಂಗ್ಲಿಷ್ ಹೆಸರುಗಳ ಪಕ್ಕದಲ್ಲಿ ‘ಏತ’, ‘ಕವಣೆ’ ಎಂಬ ಎರಡು ಪದಗಳಿದ್ದವು. ಕನ್ನಡ ಅಕ್ಷರ ಬರೆಯಲು ಅವಳಿಗೆ ಬರುತ್ತಿರಲಿಲ್ಲ; ಅಜ್ಜ ಬರೆದುಕೊಟ್ಟದ್ದನ್ನು ನೋಡಿ ತಿದ್ದಿದ್ದಳು. ‘ಣೆ’ ಸ್ವಲ್ಪ ವಾಲಿತ್ತು. ಎದುರು ನಿಂತು ನಾನು ಅದನ್ನೇ ನೋಡಿದೆ. ಅವಳಿಗೆ ಅಕ್ಷರ ಕಲಿಸಲು ಹದಿಮೂರು ವರ್ಷದಲ್ಲಿ ನನಗೆ ಬಿಡುವು ಸಿಕ್ಕಿರಲಿಲ್ಲ.

ಸುಗ್ಗಿಯ ಹೊತ್ತಿಗೆ ಅಪ್ಪ ಊರಿಗೆ ಹೋಗಿಯೇ ಹೋದರು. ಇಲ್ಲೇ ಇರಿ ಎಂದು ನಾನು ಹಟ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಬಿಗಿದು ಕಟ್ಟಬಾರದ ತುದಿಯೂ ಒಂದಿರುತ್ತದೆಂದು ತಡವಾಗಿ ತಿಳಿದವನು ನಾನು. ಈಗ ಭಾನುವಾರಕ್ಕೊಮ್ಮೆ ಫೋನು. ಮೊದಲು ಮಾತಾಡುವವಳು ಮಗಳೇ. “ಅಜ್ಜ, ಮೊಳೆ ಸಡಿಲ ಆಗಿದೆ. ಏನು ಮಾಡಲಿ?” ಅತ್ತ ಕಡೆಯಿಂದ ಅರ್ಧ ಗಂಟೆ ಉತ್ತರ ಬರುತ್ತದೆ.